ಶ್ರೀರಂಗಪಟ್ಟಣದಲ್ಲಿ ಸತ್ತವರು ಯಾರು?

ಶ್ರೀರಂಗಪಟ್ಟಣದ ಕೋಟೆಯ ಪಶ್ಚಿಮ ಮಗ್ಗುಲಿನಲ್ಲಿ, ಕಾವೇರಿಗೆ ಮುಖ ಮಾಡಿ ಒಂದು ಎತ್ತರದ ಚೂಪು ಕಂಬ ನಿಂತಿದೆ. ದೇವಸ್ಥಾನಕ್ಕೂ ಗುಂಬಜ್‌ಗೂ ಬರುವ ಬಸ್ಸುಗಳು ಅತ್ತ ತಿರುಗುವುದು ಕಡಿಮೆ. 1799ರ ಮುತ್ತಿಗೆಯಲ್ಲಿ ಮಡಿದ ಕಂಪನಿ ಸೈನ್ಯದವರ ನೆನಪಿಗೆ ಅದನ್ನು 1907ರಲ್ಲಿ ನಿಲ್ಲಿಸಿದ್ದು ಮೈಸೂರು ಸರ್ಕಾರವೇ. ಕಂಬದ ಬುಡದ ಫಲಕಗಳಲ್ಲಿ ಅಧಿಕಾರಿಗಳ ಹೆಸರುಗಳಿವೆ. ಇಂಥ ರೆಜಿಮೆಂಟಿನ ಕ್ಯಾಪ್ಟನ್, ಇಂಥ ರೆಜಿಮೆಂಟಿನ ಲೆಫ್ಟಿನೆಂಟ್ ಎಂದು ಓದಿಕೊಂಡು ಹೋಗಬಹುದು. ಊರಿನ ಇನ್ನೊಂದು ಕಡೆ, ನದಿಯ ದಂಡೆಯಲ್ಲೇ, ಗ್ಯಾರಿಸನ್ ಸ್ಮಶಾನವಿದೆ. ಅಲ್ಲಿ ಮುನ್ನೂರಕ್ಕೂ ಹೆಚ್ಚು ಸಮಾಧಿಗಳು. ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದು ಜ್ವರಕ್ಕೆ ಬಲಿಯಾದವರು, ಅವರ ಹೆಂಡಿರು, ಕೂಸುಗಳು, ಕಂಪನಿಯ ಸಂಬಳಕ್ಕೆ ಕಾದಿದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರು ಅಲ್ಲಿ ಮಲಗಿದ್ದಾರೆ. ಗುಂಬಜ್‌ನಲ್ಲಿ ಹೈದರಲಿ, ಅವನ ಪತ್ನಿ ಫಾತಿಮಾ ಫಖ್ರುನ್ನಿಸಾ, ಟಿಪ್ಪು ಇದ್ದಾರೆ. ಗುಂಬಜ್‌ನ ಹತ್ತಿರವೇ, ಸೆರೆಯಲ್ಲಿ ಸತ್ತ ಕರ್ನಲ್ ಬೆಯ್ಲಿಯ ಸ್ಮಾರಕವನ್ನು ಅವನ ಸಂಬಂಧಿಕನೊಬ್ಬ 1816ರಲ್ಲಿ ಕಟ್ಟಿಸಿದ್ದಾನೆ.

ಇಷ್ಟು ಕಲ್ಲುಗಳ ನಡುವೆ ಒಂದು ಗುಂಪಿಗೆ ಮಾತ್ರ ಕಲ್ಲಿಲ್ಲ. ಅವರು ಕೋಟೆಯ ಒಳಗಿದ್ದು ಕಾದಿ ಸತ್ತ ಮೈಸೂರಿನ ಸಾಮಾನ್ಯ ಸೈನಿಕರು. ಕೋಟೆ ಬಿದ್ದ ಆ ಒಂದು ದಿನದಲ್ಲಿ ಸತ್ತ ಮೈಸೂರಿನವರು ಆರು ಸಾವಿರದ ಆಸುಪಾಸು ಎಂಬ ಅಂದಾಜಿದೆ. ಲೆಕ್ಕದಲ್ಲಿ ಸಾವಿರ ಹೆಚ್ಚುಕಡಿಮೆ ಎಂದೇ ಇಟ್ಟುಕೊಳ್ಳಿ. ಗೆದ್ದವರಲ್ಲಿ ಸತ್ತವರಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಈ ಗುಂಪಿನ ಒಬ್ಬನ ಹೆಸರನ್ನೂ ಪ್ರವಾಸಿಗ ಅಲ್ಲಿ ಓದಲಾರ. ಅವರನ್ನು ಎಲ್ಲಿ ಮಣ್ಣು ಮಾಡಿದರು ಎಂದು ತೋರಿಸುವ ಗುರುತೂ ಅವನ ಕಣ್ಣಿಗೆ ಬೀಳದು. ಯುದ್ಧದ ಜಾಗಗಳನ್ನು ನೋಡಲು ಹೋಗುವುದು ನಮ್ಮಲ್ಲಿ ಈಗ ಹೆಚ್ಚುತ್ತಿದೆ. ಶಾಲೆಗಳು ಮಕ್ಕಳನ್ನು ಕರೆದೊಯ್ಯುತ್ತವೆ, ಸೈನ್ಯದಿಂದ ನಿವೃತ್ತರಾದವರು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಇದು ಒಳ್ಳೆಯದೇ. ಆದರೆ ಅಲ್ಲಿ ನಿಂತಿರುವ ಕಲ್ಲುಗಳನ್ನಷ್ಟೇ ನೋಡಿ ಬಂದರೆ ಯುದ್ಧವನ್ನು ನೋಡಿದ ಹಾಗಲ್ಲ, ಕಲ್ಲು ನಿಲ್ಲಿಸುವ ಶಕ್ತಿ ಯಾರಿಗಿತ್ತು ಎಂಬುದನ್ನು ನೋಡಿದ ಹಾಗೆ. ಈ ಎರಡರ ನಡುವಿನ ಅಂತರವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು, ಸಾಧ್ಯವಾದಲ್ಲಿ ತುಂಬಬೇಕು ಎಂಬುದು ನನ್ನ ವಾದ.

ಮೊದಲು ಆ ದಿನ ಏನಾಯಿತು ಎಂಬುದನ್ನು ಅದೇ ನೆಲದ ಮೇಲೆ ನಿಂತು ಯೋಚಿಸಬೇಕು. ಜನರಲ್ ಹ್ಯಾರಿಸ್‌ನ ಸೈನ್ಯ ಬಂದದ್ದು ಪೂರ್ವದಿಂದ, ಮಳವಳ್ಳಿಯ ಹತ್ತಿರ ಮಾರ್ಚ್ 27ರಂದು ಕಾದಾಡಿಕೊಂಡು. ಜೊತೆಗೆ ನಿಜಾಮನ ಪಡೆ. ಕೊಡಗಿನ ಕಡೆಯಿಂದ ಮುಂಬಯಿ ಸೈನ್ಯ ಬಂದು ಸೇರಿತು. ಅವರಿಗಿದ್ದ ದೊಡ್ಡ ಶತ್ರು ಮಳೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಕಾವೇರಿ ತುಂಬುತ್ತದೆ, ದ್ವೀಪ ದ್ವೀಪವಾಗಿಯೇ ಉಳಿಯುತ್ತದೆ, ದಿನಸಿ ಮುಗಿಯುತ್ತ ಬಂದಿದ್ದ ಸೈನ್ಯ ಹಿಂದೆ ಸರಿಯಲೇಬೇಕು. ಎಂಟು ವರ್ಷಗಳ ಹಿಂದೆ ಕಾರ್ನ್‌ವಾಲಿಸ್‌ನ ಮೊದಲ ಯತ್ನ ಅರೆಕೆರೆಯ ಕಾಳಗ ಗೆದ್ದ ಮೇಲೂ ಮಳೆ, ಹಸಿವು, ಸತ್ತು ಬಿದ್ದ ಎತ್ತುಗಳ ಕಾರಣಕ್ಕೆ ವಾಪಸು ಹೋಗಿತ್ತು. ಹಾಗಾಗಿ 1799ರ ಲೆಕ್ಕವೆಲ್ಲ ನದಿ ಒಣಗಿದ್ದಷ್ಟು ದಿನದ ಲೆಕ್ಕ. ಕೋಟೆಯ ವಾಯವ್ಯ ಮೂಲೆಯ ಗೋಡೆಗೆ ತೋಪು ಹೊಡೆದು ಹೊಡೆದು ಬಿರುಕು ಮಾಡಿದರು. ಮೇ 4ರಂದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಕಾವಲಿನವರು ಬಿಸಿಲಿಗೆ ಬಳಲಿ ಊಟಕ್ಕೆ ಕೂರುವ ಹೊತ್ತಿಗೆ, ನಾಲ್ಕು ಸಾವಿರದಷ್ಟು ಜನ ಮೊಣಕಾಲುದ್ದದ ನೀರು, ಬಂಡೆ ದಾಟಿ ನುಗ್ಗಿದರು. ಕೆಲವೇ ನಿಮಿಷಗಳಲ್ಲಿ ಬಿರುಕಿನ ಮೇಲೆ ಅವರ ಬಾವುಟ ಹಾರಿತು.

ಇವತ್ತು ಆ ಕಂಬದ ಬಳಿ ನಿಂತರೆ ಕಾಣುವ ನದಿ ಅಂದಿನ ನದಿಯಲ್ಲ. ಮೇಲೆ ಕನ್ನಂಬಾಡಿಯಲ್ಲಿ 1911ರಿಂದ ಎರಡು ದಶಕ ಕಟ್ಟಿದ ಅಣೆಕಟ್ಟೆ ನೀರನ್ನು ಹಿಡಿದು ಬಿಡುತ್ತದೆ. ಇಷ್ಟನ್ನು ತಿಳಿದುಕೊಂಡು ನಿಂತರೂ ಸಾಕು, ಎಷ್ಟೋ ಅರ್ಥವಾಗುತ್ತದೆ. ಗೋಡೆ ಎಷ್ಟು ಎತ್ತರ, ಎದುರಿನ ದಡ ಎಷ್ಟು ಹತ್ತಿರ, ಬಂಡೆಗಳು ಎಲ್ಲಿ ಮೇಲೆದ್ದಿವೆ ಎಂದು ಕಣ್ಣಾರೆ ನೋಡಿದವನಿಗೆ, ಟಿಪ್ಪು ಸೋತದ್ದು ಒಬ್ಬ ಮಂತ್ರಿ ಮೀರ್ ಸಾದಿಕನ ದ್ರೋಹದಿಂದ ಮಾತ್ರ ಎಂಬ ಕಥೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ದ್ರೋಹದ ಕಥೆಯಲ್ಲಿ ಸೈನಿಕರಿಗೆ ಜಾಗವೇ ಇಲ್ಲ. ಮೇಲಿನ ಒಬ್ಬ ಮಾರಿಕೊಂಡ, ಕೋಟೆ ಬಿತ್ತು, ಅಷ್ಟೆ. ನಡೆದದ್ದು ಹಾಗಲ್ಲ. ಅಂದು ಮಧ್ಯಾಹ್ನ ಮೈಸೂರಿನ ಸೇನಾನಿ ಸಯ್ಯದ್ ಗಫಾರ್ ಗುಂಡಿಗೆ ಬಲಿಯಾದ ಸುದ್ದಿ ಊಟಕ್ಕೆ ಕೂತಿದ್ದ ಟಿಪ್ಪುವಿಗೆ ಮುಟ್ಟಿತು, ಅವನು ಎದ್ದು ಉತ್ತರದ ಗೋಡೆಗೆ ಹೋದ, ಅಲ್ಲಿ ಹೆಜ್ಜೆ ಹೆಜ್ಜೆಗೂ ಕಾದಾಟ ನಡೆಯಿತು. ಅವನು ಬಿದ್ದ ಬಾಗಿಲಲ್ಲಿ ರಾತ್ರಿ ಪಂಜು ಹಿಡಿದು ಹುಡುಕಿದವರಿಗೆ ಅವನ ದೇಹ ಸಿಕ್ಕಿದ್ದು ಬೇರೆ ದೇಹಗಳ ರಾಶಿಯ ಅಡಿಯಲ್ಲಿ. ಈಗ ಆ ಜಾಗದಲ್ಲಿ ಸಣ್ಣ ಆವರಣ ಕಟ್ಟಿ, ಟಿಪ್ಪುವಿನ ದೇಹ ಇಲ್ಲಿ ಸಿಕ್ಕಿತು ಎಂದು ಕಲ್ಲು ಹಾಕಿದ್ದಾರೆ. ಜನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವನ ಮೇಲೆ ಬಿದ್ದಿದ್ದವರ ಬಗ್ಗೆ ಆ ಕಲ್ಲು ಏನೂ ಹೇಳುವುದಿಲ್ಲ.

ಯಾರು ಅವರು? ಕಂದಾಚಾರದ ಕಾಲಾಳುಗಳು, ಸಂಬಳದ ಸಿಪಾಯಿಗಳು, ಬಾಣದವರು, ತೋಪಿನವರು. ಬಾಣ ಎಂದರೆ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರು ಕಟ್ಟಿ ಹಾರಿಸುವ ಆಯುಧ. ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ 2018ರಲ್ಲಿ ಸಾವಿರದಷ್ಟು ಹೊರಬಂದವಲ್ಲ, ಅವೇ. ಆ ಕೊಳವೆಗಳನ್ನು ನಾವು ಮ್ಯೂಸಿಯಮ್ಮಿನಲ್ಲಿಟ್ಟು, ನಮ್ಮವರು ಯುರೋಪಿಗೇ ರಾಕೆಟ್ ಕಲಿಸಿದರು ಎಂದು ಹೆಮ್ಮೆ ಪಡುತ್ತೇವೆ. ಆಯುಧಕ್ಕೆ ಸಿಕ್ಕ ಮರ್ಯಾದೆ ಅದನ್ನು ಹೆಗಲ ಮೇಲೆ ಹೊತ್ತವನಿಗೆ ಸಿಕ್ಕಿಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ಅವರಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು. ಈ ಸೀಮೆಯ ಹಳ್ಳಿಗಳಿಂದ ಬಂದವರು ಬಹಳ ಜನ.

ಎದುರು ಪಕ್ಷದಲ್ಲೂ ಇದೇ ಕಥೆ. ಕಂಪನಿ ಸೈನ್ಯ ಎಂದರೆ ಕೆಂಪು ಕೋಟಿನ ಬಿಳಿಯರು ಎಂದುಕೊಳ್ಳುತ್ತೇವೆ. ಅದರ ಬಹುಪಾಲು ಮದರಾಸು, ಬಂಗಾಳ, ಮುಂಬಯಿಯ ಸಿಪಾಯಿಗಳು. ಕಂಬದ ಮೇಲೆ ಹೆಸರಿರುವುದು ಅಧಿಕಾರಿಗಳದು, ಸಿಪಾಯಿಯ ಹೆಸರಲ್ಲ. ಕೋಟೆ ಬಿದ್ದ ರಾತ್ರಿ ನಡೆದ ಲೂಟಿಯಲ್ಲಿ ನೊಂದ ಪಟ್ಟಣದ ಜನರಿಗಂತೂ ಯಾವ ಕಡೆಯೂ ಕಲ್ಲು ಹಾಕಲಿಲ್ಲ. ಮರುದಿನ ಊರಿನ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನ್ಯದ ಲೂಟಿಕೋರರಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಚಾಟಿಯೇಟು ಕೊಡಿಸಿ ಊರನ್ನು ಹತೋಟಿಗೆ ತಂದನೆಂದರೆ ಆ ರಾತ್ರಿ ಹೇಗಿದ್ದಿರಬೇಕು!

ಸಾಮಾನ್ಯ ಸೈನಿಕನ ಹೆಸರು ಬರೆಯುವುದು ಈ ಕಾಲದ ಯೋಚನೆ, ಹಳೆಯ ಕಾಲದಲ್ಲಿ ರಾಜರ ಹೆಸರಷ್ಟೇ ಉಳಿಯುತ್ತಿತ್ತು ಎಂದು ಯಾರಾದರೂ ಹೇಳಬಹುದು. ಕರ್ನಾಟಕದಲ್ಲಿ ನಿಂತು ಈ ಮಾತು ಹೇಳುವಂತಿಲ್ಲ. ಇಲ್ಲಿ ಸಾವಿರ ವರ್ಷಗಳ ಕಾಲ ಹಳ್ಳಿಹಳ್ಳಿಯಲ್ಲೂ ವೀರಗಲ್ಲು ನಿಲ್ಲಿಸಿದ್ದಾರೆ. ತುರು ಕಾಯಲು ಹೋಗಿ ಸತ್ತವನಿಗೆ, ಊರಿನ ಮೇಲೆ ಬಂದ ದಂಡನ್ನು ತಡೆದು ಸತ್ತವನಿಗೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅವನೇ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ ನಾಗೇಶ್ವರ ದೇವಸ್ಥಾನದ ಒಂದು ವೀರಗಲ್ಲಿನ ಬರಹದಲ್ಲಿ, ಸುಮಾರು 890ರ ಹೊತ್ತಿಗೆ. ಅದರಲ್ಲಿರುವುದು ಬೆಂಗಳೂರ ಕಾಳಗದಲ್ಲಿ ಸತ್ತ, ಗಂಗರ ಅಧಿಕಾರಿ ನಾಗತ್ತರನ ಕಡೆಯವರ ಸುದ್ದಿ. ಇಷ್ಟು ದೊಡ್ಡ ನಗರದ ಮೊದಲ ಲಿಖಿತ ಗುರುತು ಯುದ್ಧದಲ್ಲಿ ಸತ್ತವರ ಸ್ಮಾರಕ. ಐಟಿ ಕಂಪನಿಗಳ ಊರಿನಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೆ?

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ಸೂಕ್ಷ್ಮವಾದದ್ದು. ಈಗ ಅದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಲ 949-50. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ದೊಡ್ಡ ಯುದ್ಧದ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಯಾವ ರಾಜನಿಗೂ ಅಲ್ಲ. ಬೂತುಗನ ಸೇವೆಯಲ್ಲಿದ್ದ ಮಣಲೇರ ಯುದ್ಧದ ಮೆಚ್ಚಿಗೆಯಾಗಿ ಏನು ಬೇಕೆಂದು ಕೇಳಿದಾಗ ರಾಜನ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಬೆಳತ್ತೂರಿನ ಗುಡ್ಡದಲ್ಲಿ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿಗಳ ಕಾದಾಟದ ಕೆತ್ತನೆ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಏರ್ಪಾಡು. ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು, ಆ ಭೂಮಿಯನ್ನು ಉಣ್ಣುವವನು ಕಲ್ಲನ್ನು ನೋಡಿಕೊಳ್ಳದಿದ್ದರೆ ಪಾಪ ತಟ್ಟುತ್ತದೆ ಎಂದು ಬರೆದರು. ಮಡಿದವನ ಮನೆಯವರಿಗೆ ಭೂಮಿ ಬಿಡುವ ನೆತ್ತರುಗೊಡಗೆಯೂ ಹಾಗೆಯೇ. ಅಂದರೆ ಕಲ್ಲಿನ ಜೊತೆಗೇ ಒಂದು ಹೊಣೆ ಇತ್ತು, ಆ ಹೊಣೆಗೆ ಆದಾಯವೂ ಇತ್ತು.

ವೀರಗಲ್ಲಿನ ಲೋಕವನ್ನು ನಾನು ಚಿನ್ನದ ಕಾಲವೆಂದು ತೋರಿಸುತ್ತಿಲ್ಲ. ಅದು ಒಡೆಯನಿಗಾಗಿ ಸಾಯುವುದನ್ನೇ ಸ್ವರ್ಗವೆಂದು ನಂಬಿಸಿದ ಲೋಕ. ಎದುರಾಳಿಯ ಸತ್ತವರನ್ನು ಅದೂ ಕೇಳಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಅವರು ವೀರನ ಕಾಲಡಿ ಬಿದ್ದ ಆಕೃತಿಗಳು. ಹಾಗಿದ್ದೂ, ರಾಜನಲ್ಲದವನ ಹೆಸರನ್ನು ಊರಿನ ನಡುವೆ ಕಲ್ಲಿನಲ್ಲಿ ಬರೆಯಬೇಕು ಎಂಬ ನಡವಳಿಕೆ ಈ ನೆಲದ್ದು. 1799ರ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತು ಹೋಗಿತ್ತು. ಸೋತ ಕಡೆಯವರಿಗೆ ಕಲ್ಲು ಹಾಕಲು ಯಾರೂ ಉಳಿದಿರಲಿಲ್ಲ ಎಂಬುದೂ ನಿಜ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದರು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು, ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳದೆ ಬ್ರಿಟಿಷ್ ಪಡೆಯೂ 1809ರ ಹೊತ್ತಿಗೆ ಬೆಂಗಳೂರಿಗೆ ಹೋಗಿ ಅಲ್ಲಿ ದಂಡು ಪ್ರದೇಶ ಕಟ್ಟಿತು. ಶ್ರೀರಂಗಪಟ್ಟಣ ಖಾಲಿಯಾಯಿತು.

ಹಾಗಾದರೆ ಗೆದ್ದವರ ಕಲ್ಲುಗಳನ್ನು ತೆಗೆದುಬಿಡಬೇಕೇ? ಈ ವಾದ ಹೊಸದಲ್ಲ, ಬೆಂಗಳೂರಿನಲ್ಲಿ ಒಮ್ಮೆ ಜಾರಿಗೂ ಬಂದಿದೆ. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಸ್ಮಾರಕ ಈಗಿನ ಹಡ್ಸನ್ ವೃತ್ತದ ಹತ್ತಿರ ನಿಂತಿತ್ತು. 1964ರಲ್ಲಿ ಅದನ್ನು ಕೆಡವಿದರು. ಕೆಡವಿದವರ ಸ್ವಾಭಿಮಾನ ನನಗೆ ಅರ್ಥವಾಗುತ್ತದೆ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ, ನಗರದ ನಟ್ಟನಡುವೆ ಆಕ್ರಮಣಕಾರನ ಗುಣಗಾನ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಪರಿಣಾಮ ನೋಡಿ. ಆ ಕಂಬ ಹೋದ ಮೇಲೆ ಪೇಟೆಗಾಗಿ ನಡೆದ ಮಾರ್ಚ್ 7ರ ಕಾದಾಟದ ನೆನಪೇ ಅಲ್ಲಿಂದ ಹೋಯಿತು. ಕೋಟೆಯೊಳಗೆ ಮಾರ್ಚ್ 21ರ ರಾತ್ರಿ ಕೊನೆಯವರೆಗೂ ಕಾದಿ ಸತ್ತ ಕಿಲ್ಲೇದಾರ ಬಹಾದುರ್ ಖಾನ್‌ನಿಗಾಗಲಿ, ಅವನ ಜೊತೆ ಸತ್ತವರಿಗಾಗಲಿ ಆ ಜಾಗದಲ್ಲಿ ಕಲ್ಲು ಎದ್ದೇಳಲಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ಗೋಡೆಯಲ್ಲಿ, ಈ ಬಿರುಕಿನ ಮೂಲಕ ಬ್ರಿಟಿಷರು ನುಗ್ಗಿದರು ಎಂಬ ಹಳೆಯ ಫಲಕ ಇನ್ನೂ ಇದೆ. ಅದೂ ಗೆದ್ದವರ ಮಾತೇ. ಆದರೂ ಅದು ಇರುವುದರಿಂದಲೇ ಇಲ್ಲಿ ಏನೋ ನಡೆಯಿತು ಎಂದು ದಾರಿಹೋಕನಿಗೆ ಗೊತ್ತಾಗುತ್ತದೆ, ಎದುರು ನಿಂತವರು ಯಾರು ಎಂದು ಕೇಳಲು ಆಸ್ಪದ ಸಿಗುತ್ತದೆ. ಶತ್ರುವಿನ ಕಲ್ಲು ಸಾಕ್ಷಿ. ಸಾಕ್ಷಿಯನ್ನು ಓಡಿಸುವ ಬದಲು ಅವನ ಎದುರಿಗೆ ನಮ್ಮ ಸಾಕ್ಷಿಯನ್ನು ನಿಲ್ಲಿಸುವುದು ಮೇಲು.

ಎರಡೂ ಕಡೆಯ ಸಾಕ್ಷಿ ಒಂದೇ ಊರಿನಲ್ಲಿದ್ದರೆ ಎಷ್ಟು ಕಲಿಯಬಹುದು ಎಂಬುದಕ್ಕೆ ಶ್ರೀರಂಗಪಟ್ಟಣದಲ್ಲೇ ಉದಾಹರಣೆ ಇದೆ. ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಕಂಪನಿ ಸೈನ್ಯ ಮೈಸೂರಿನ ಕೈಲಿ ನುಚ್ಚುನೂರಾದ ದಿನ. ಚಿತ್ರದಲ್ಲಿ ಕರ್ನಲ್ ಬೆಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಮೈಸೂರಿನ ಕುದುರೆಗಳು. ಅದೇ ಬೆಯ್ಲಿ 1782ರಲ್ಲಿ ಇಲ್ಲೇ ಸೆರೆಯಲ್ಲಿ ಸತ್ತ. ಅವನ ಹೆಸರಿನಲ್ಲಿ ಕರೆಯುವ ನೆಲಮಾಳಿಗೆಯಲ್ಲಿ ಗೈಡುಗಳು, “ಇಲ್ನೋಡಿ ಸಾರ್, ಈ ಕಲ್‌ಗೆ ಕೈ ಕಟ್ಟಾಕ್ಬಿಟ್ಟು ಕತ್ಮಟ್ಟ ನೀರ್ ಬಿಡ್ತಿದ್ರು” ಎಂದು ಹೇಳುತ್ತಾರೆ. ಅದೇ ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕು ಈ ಊರಿನಲ್ಲಿ ನಾಲ್ಕು ವರ್ಷದ ಹತ್ತಿರ ಬೇಡಿ ಹಾಕಿಸಿಕೊಂಡಿದ್ದ ಡೇವಿಡ್ ಬೇರ್ಡ್‌ನೇ 1799ರಲ್ಲಿ ಬಿರುಕಿಗೆ ನುಗ್ಗಿದ ದಾಳಿಯ ಮುಂದಾಳು. ಚಿತ್ರ, ನೆಲಮಾಳಿಗೆ, ಬೆಯ್ಲಿಯ ಸ್ಮಾರಕ, ಬಿರುಕು ಈ ನಾಲ್ಕನ್ನೂ ಹೀಗೆ ಒಂದರ ಹಿಂದೊಂದು ನೋಡಿದರೆ ಹತ್ತೊಂಬತ್ತು ವರ್ಷದ ಸೇಡು, ಅವಮಾನ, ಹೆದರಿಕೆ ಎಲ್ಲ ಒಂದೇ ಎಳೆಯಲ್ಲಿ ಸಿಗುತ್ತದೆ. ಪ್ರವಾಸಿಗೆ ಸಾಮಾನ್ಯವಾಗಿ ಸಿಗುವುದು ಬಿಡಿಬಿಡಿಯಾದ ನಾಲ್ಕು ‘ಪಾಯಿಂಟು’ಗಳು, ನಡುವೆ ಒಂದು ಲೋಟ ಕಬ್ಬಿನ ಹಾಲು, ಸಂಜೆಗೆ ಬೃಂದಾವನ. ದೋಷ ಪ್ರವಾಸಿಯದಲ್ಲ. ಈ ಜಾಗಗಳನ್ನು ಒಂದು ರಣಭೂಮಿಯಾಗಿ ಹೊಲಿದು ತೋರಿಸುವ ಕನ್ನಡದ ಫಲಕಗಳು, ಒಂದು ಸರಿಯಾದ ನಡಿಗೆಯ ನಕ್ಷೆ ಅವನ ಕೈಗೆ ಬರಬೇಕು. ರೈಲಿನ ಜೋಡಿಹಳಿಗೆ ಅಡ್ಡವಾಯಿತೆಂದು ಟಿಪ್ಪುವಿನ ಕಾಲದ ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದೆವು. ಇಷ್ಟು ಕಷ್ಟದ ಕೆಲಸಕ್ಕೆ ಮನಸ್ಸು ಮಾಡಿದ ನಮಗೆ ಫಲಕ ಬರೆಯುವುದು ದೊಡ್ಡದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮೈಸೂರಿನ ಸೈನಿಕರಿಗೆ ಕಲ್ಲು ಹಾಕಿದರೆ ಅದು ಟಿಪ್ಪುವಿಗೆ ಹಾಕಿದ ಹಾಗಲ್ಲವೇ? ಟಿಪ್ಪು ಜಯಂತಿಯನ್ನು ಸರ್ಕಾರ 2015ರಲ್ಲಿ ಆರಂಭಿಸಿತು, 2019ರಲ್ಲಿ ಮತ್ತೊಂದು ಸರ್ಕಾರ ನಿಲ್ಲಿಸಿತು. ಕೊಡಗಿನಲ್ಲಿ ಅವನ ದಂಡಯಾತ್ರೆಗಳ ನೆನಪು ಇನ್ನೂ ಹಸಿಯಾಗಿದೆ. ಶ್ರೀರಂಗಪಟ್ಟಣದಿಂದ ಹೆಚ್ಚು ದೂರವಿಲ್ಲದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಆ ಕಾಲದ ಸಾವುಗಳ ನೆನಪಿಗೆ ಇಂದಿಗೂ ನರಕ ಚತುರ್ದಶಿ ಆಚರಿಸದವರಿದ್ದಾರೆ. ಇದೂ ಸ್ಮಾರಕವೇ, ಕಲ್ಲಿನದಲ್ಲ ಅಷ್ಟೆ. ಈ ನೋವನ್ನು ಯಾರೂ ಹಗುರವಾಗಿ ಕಾಣಬಾರದು. ಟಿಪ್ಪುವಿನ ಬಗ್ಗೆ ವಾದ ನಡೆಯಲಿ, ನಡೆಯಬೇಕು. ಆದರೆ ರಾಜನ ಪಾಪಪುಣ್ಯದ ತೀರ್ಪು ಬರುವವರೆಗೆ ಅವನ ಸೈನಿಕರು ಹೆಸರಿಲ್ಲದೆ ಕಾಯಬೇಕು ಎಂಬುದು ನ್ಯಾಯವಲ್ಲ. ಆ ತೀರ್ಪು ಎಂದೂ ಬರುವುದಿಲ್ಲ. ಅಂದು ಗೋಡೆಯ ಮೇಲೆ ನಿಂತವನು ಸಂಬಳಕ್ಕೆ ನಿಂತಿದ್ದ, ಊರಿಗಾಗಿ ನಿಂತಿದ್ದ, ಓಡಲು ದಾರಿಯಿಲ್ಲದೆಯೂ ನಿಂತಿದ್ದ. ಅವನನ್ನು ನೆನೆಯುವುದೆಂದರೆ ರಾಜನನ್ನು ಹೊಗಳುವುದಲ್ಲ. ಈ ಎರಡನ್ನೂ ಬೇರ್ಪಡಿಸಲು ಕಲಿಯದಿದ್ದರೆ ಯುದ್ಧದ ಜಾಗಗಳಿಗೆ ಹೋಗಿ ಪ್ರಯೋಜನವಿಲ್ಲ.

ಬೇರ್ಪಡಿಸುವುದು ನಮಗೆ ಸಾಧ್ಯ ಎಂಬುದಕ್ಕೂ ಸಾಕ್ಷಿ ಇದೆ. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಹಿಡಿಯಿತು. ಮಷೀನ್‌ಗನ್ನುಗಳ ಎದುರಿಗೆ ಭರ್ಜಿ ಹಿಡಿದ ಸವಾರರು. ಅವರು ಕಾದಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಅದೇ ಸಾಮ್ರಾಜ್ಯ ನೂರಿಪ್ಪತ್ತು ವರ್ಷಗಳ ಹಿಂದೆ ಶ್ರೀರಂಗಪಟ್ಟಣವನ್ನು ಕೆಡವಿತ್ತು. ಆದರೂ ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವನ್ನು ಉಳಿಸಿಕೊಂಡಿದ್ದೇವೆ, ಹೈಫಾ ದಿನ ಅಲ್ಲಿ ಹೂವಿಡುತ್ತೇವೆ. ಮೈಸೂರು, ಜೋಧಪುರ, ಹೈದರಾಬಾದುಗಳ ಪಡೆಗಳಿಗೆ ದೆಹಲಿಯಲ್ಲಿ 1922ರಲ್ಲಿ ನಿಂತ ಮೂರು ಪ್ರತಿಮೆಗಳ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರನ್ನೂ ಸೇರಿಸಿದರು. ಸಾಮ್ರಾಜ್ಯವನ್ನು ಒಪ್ಪದೆಯೂ ಆ ಸವಾರರನ್ನು ಗೌರವಿಸಿದ್ದೇವೆ. ಹಾಗೆ ಮಾಡಿದ್ದು ಸರಿ. ಅದೇ ಅಳತೆಯನ್ನು ತಂದು 1799ಕ್ಕೆ ಹಿಡಿಯಲು ಏನು ಅಡ್ಡಿ?

ನಾನು ಕೇಳುತ್ತಿರುವುದು ದೊಡ್ಡ ಪ್ರತಿಮೆಯನ್ನಲ್ಲ. ನೀರಿನ ಬಾಗಿಲ ಬಳಿ, ಟಿಪ್ಪುವಿನ ದೇಹ ಸಿಕ್ಕ ಕಲ್ಲಿನಿಂದ ತುಸು ದೂರದಲ್ಲಿ, ಆಳೆತ್ತರದ ಒಂದು ಕಲ್ಲು ಸಾಕು. 1799ರ ಮೇ 4ರಂದು ಈ ಕೋಟೆಯಲ್ಲಿ ಸತ್ತ ಮೈಸೂರಿನ ಸೈನಿಕರ, ಎದುರು ಪಡೆಯ ಸಿಪಾಯಿಗಳ, ಪಟ್ಟಣದ ಜನರ ನೆನಪಿಗೆ ಎಂದು ಕನ್ನಡದಲ್ಲಿ ಬರೆಯಲಿ. ದಫ್ತರಗಳಲ್ಲಿ, ಮನೆತನಗಳ ಕಾಗದಗಳಲ್ಲಿ ಹೆಸರು ಸಿಕ್ಕಂತೆಲ್ಲ ಕೆತ್ತಿಕೊಂಡು ಹೋಗಲು ಕೆಳಗೆ ಜಾಗ ಬಿಡಲಿ. ಹೆಸರು ಹುಡುಕುವ ಕೆಲಸವನ್ನು ಮೈಸೂರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಸುತ್ತಲಿನ ಹೈಸ್ಕೂಲುಗಳ ಇತಿಹಾಸದ ಮೇಷ್ಟ್ರುಗಳಿಗೆ ಕೊಡಬಹುದು. ನದಿ ಬದಿಯ 1907ರ ಕಂಬ ಇದ್ದಲ್ಲೇ ಇರಲಿ, ಅದನ್ನು ಯಾರು, ಯಾವಾಗ, ಏಕೆ ನಿಲ್ಲಿಸಿದರು ಎಂಬ ಫಲಕ ಅದರ ಪಕ್ಕಕ್ಕೆ ಬರಲಿ. ಮತ್ತು ಹೊಸ ಕಲ್ಲನ್ನು ನಿಲ್ಲಿಸುವ ಮೊದಲೇ, ಆತಕೂರಿನವರು ಮಾಡಿದ ಹಾಗೆ, ಅದರ ಸುತ್ತ ಗುಡಿಸುವವರು ಯಾರು, ಬಿದ್ದ ಅಕ್ಷರ ತಿದ್ದುವವರು ಯಾರು, ಅದಕ್ಕೆ ವರ್ಷಕ್ಕೆ ಎಷ್ಟು ಹಣ, ಆ ಹಣ ಯಾವ ಲೆಕ್ಕದಿಂದ ಎಂಬುದನ್ನು ಪುರಸಭೆ ಠರಾವು ಮಾಡಿ ಬರೆದಿಡಲಿ.